ಒಂದೇ ದೂರು ಎರಡನೆಯ ಸಲ ಬಂದಾಗ: ಜೋಡಿ ಬಗ್ ವರದಿಗಳನ್ನು ಸೇರಿಸುವ ಬಗೆ

ಭಾನುವಾರ ತಿಂಡಿ ಮುಗಿದ ಮೇಲೆ ನಾನು ಕೂರುವುದು ವಾರವಿಡೀ ಬಂದ ಹೊಸ ಬಗ್ ವರದಿಗಳ, ಎಂದರೆ ತಂತ್ರಾಂಶದ ದೋಷ ತಿಳಿಸುವ ದೂರುಗಳ, ಮುಂದೆ. ಶಿವಮೊಗ್ಗದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕುಳಿತು, ಕಚೇರಿ ಕೆಲಸಕ್ಕೆ ಬಳಸುವ ಒಂದು ಮುಕ್ತ ತಂತ್ರಾಂಶಕ್ಕೂ ಒಂದೆರಡು ಕನ್ನಡ ಫಾಂಟುಗಳಿಗೂ ಬರುವ ದೂರುಗಳನ್ನು ಒಂಬತ್ತು ವರ್ಷಗಳಿಂದ ವಿಂಗಡಿಸುತ್ತಿದ್ದೇನೆ. ಸಂಬಳದ ಕೆಲಸವಲ್ಲ. ಪ್ರತಿ ವಾರವೂ ಈ ಗುಂಪಿನಲ್ಲಿ ಹಿಂದೆಯೇ ಯಾರೋ ಹೇಳಿದ್ದನ್ನು ಮತ್ತೊಬ್ಬರು ಹೇಳಿರುವ ವರದಿಗಳು ಇದ್ದೇ ಇರುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಎಡವುವುದು ಇಲ್ಲಿಯೇ. ಒಂದೇ ಥರ ಕಂಡದ್ದನ್ನೆಲ್ಲ ಅವಸರದಲ್ಲಿ ಮುಚ್ಚುತ್ತಾರೆ. ಅವರಿಗಾಗಿ ನನ್ನ ಕ್ರಮವನ್ನು ಬರೆದಿಡುತ್ತಿದ್ದೇನೆ.

ನನ್ನ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಂದೇ ನಾಲೆಯ ವಿಷಯವಾಗಿ ಮೂರು ಊರಿನವರು ಅರ್ಜಿ ಕೊಟ್ಟರೆ ಮೂರಕ್ಕೂ ಆವಕ ಪುಸ್ತಕದಲ್ಲಿ ಬೇರೆ ಬೇರೆ ಸಂಖ್ಯೆ ಕೊಡುತ್ತಿದ್ದರು. ಆಮೇಲೆ ಒಂದೇ ಕಡತಕ್ಕೆ ದಾರ ಪೋಣಿಸಿ ಕಟ್ಟುತ್ತಿದ್ದರು. ಯಾವ ಅರ್ಜಿಯನ್ನೂ ‘ಮೊದಲೇ ಬಂದಿದೆ’ ಎಂದು ಹಿಂದಿರುಗಿಸಿದ್ದನ್ನು ನಾನು ನೋಡಿಲ್ಲ. ಎರಡನೆಯ ಊರಿನ ಅರ್ಜಿಯಲ್ಲಿ ನಾಲೆ ಒಡೆದ ಜಾಗದ ಗುರುತು ಇರುತ್ತಿತ್ತು, ಮೂರನೆಯದರಲ್ಲಿ ಒಡೆದ ದಿನ. ಮೂರೂ ಒಂದೇ ಕಟ್ಟಿನಲ್ಲಿದ್ದರೆ ಮಾತ್ರ ಸ್ಥಳಕ್ಕೆ ಹೋಗುವ ಎಂಜಿನಿಯರಿಗೆ ಪೂರ್ತಿ ಚಿತ್ರ ಸಿಗುತ್ತಿತ್ತು. ಜೋಡಿ ವರದಿಗಳ ವಿಷಯದಲ್ಲಿ ನಾನು ನಂಬಿರುವುದೂ ಇಷ್ಟನ್ನೇ. ಎರಡನೆಯ ವರದಿ ಎರಡನೆಯ ಸಾಕ್ಷಿ. ಸಾಕ್ಷಿಯನ್ನು ಕಡತಕ್ಕೆ ಸೇರಿಸಬೇಕು, ಸಾಕ್ಷಿದಾರನನ್ನು ಬಾಗಿಲಿನಿಂದಾಚೆ ಕಳುಹಿಸಬಾರದು.

‘ಜೋಡಿ ವರದಿ’ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಬಗ್ ದಾಖಲಿಸುವ ವ್ಯವಸ್ಥೆಗಳಲ್ಲೆಲ್ಲ ಇದಕ್ಕಿರುವ ಹೆಸರು ‘ಡೂಪ್ಲಿಕೇಟ್’. ನಮ್ಮ ಕಡೆ ಡೂಪ್ಲಿಕೇಟ್ ಎಂದರೆ ಏನು? ಡೂಪ್ಲಿಕೇಟ್ ನೋಟು, ಡೂಪ್ಲಿಕೇಟ್ ಮಾಲು, ಡೂಪ್ಲಿಕೇಟ್ ಬಿಡಿಭಾಗ. ಅಂದರೆ ಖೋಟಾ. ಕನ್ನಡದಲ್ಲಿ ಬರೆಯುವಾಗ ‘ನಕಲಿ ವರದಿ’ ಎಂದು ಬರೆದವರನ್ನೂ ಕಂಡಿದ್ದೇನೆ. ನಕಲು ಬೇರೆ, ನಕಲಿ ಬೇರೆ. ಈ ಒಂದು ಪದದಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ದೋಷವನ್ನು ನಿಮ್ಮ ಯಂತ್ರದಲ್ಲಿ ಕಾಣಿರಿ

ಶೀರ್ಷಿಕೆ ಓದಿದ ಕೂಡಲೇ ‘ಇದು ಗೊತ್ತು’ ಎನ್ನಿಸುತ್ತದೆ. ಆ ಗಳಿಗೆಯಲ್ಲಿ ಕೈ ಕಟ್ಟಿ ಕೂರಿ. ವರದಿಯನ್ನು ಕೊನೆಯವರೆಗೆ ಓದಿ. ತಂತ್ರಾಂಶದ ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ಫಾಂಟಿನ ಹೆಸರು, ಲಗತ್ತಿಸಿದ ಕಡತ, ಪರದೆಯ ಚಿತ್ರ ಎಲ್ಲವನ್ನೂ ನೋಡಿ. ಅವರು ಹೇಳಿದ ಹೆಜ್ಜೆಗಳನ್ನೇ ಅನುಸರಿಸಿ ದೋಷವನ್ನು ನಿಮ್ಮಲ್ಲಿ ಬರಿಸಿಕೊಳ್ಳಿ. ಬರದಿದ್ದರೆ ಅದು ಜೋಡಿಯೋ ಅಲ್ಲವೋ ಎಂದು ತೀರ್ಮಾನಿಸುವ ಹಕ್ಕು ನಿಮಗಿನ್ನೂ ಬಂದಿಲ್ಲ. ವಿವರ ಕೇಳಿ ಬರೆಯಿರಿ, ಮುಂದಿನ ವರದಿಗೆ ಹೋಗಿ.

ಹುಡುಕುವ ಕೆಲಸಕ್ಕೆ ನಾನು ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಒಂದೇ ವಸ್ತುವನ್ನು ಜನ ಎಷ್ಟು ಹೆಸರಿನಿಂದ ಕರೆಯುತ್ತಾರೆ ಎಂಬುದರ ಪಟ್ಟಿ ಅದರಲ್ಲಿದೆ. ಅರ್ಕಾವತ್ತನ್ನು ತೆಗೆದುಕೊಳ್ಳಿ. ಕೆಲವರು ಅರ್ಕಾವೊತ್ತು ಎಂದು ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು ‘ಕ’ ಆದ ಮೇಲೆ ಒಂದು ‘ಎ’ ಹಾಕುತ್ತಾರೆ, ಇಲ್ಲವೇ ಎರಡು ಹಾಕುತ್ತಾರೆ. ಹಿಂದಿ ಕಡೆಯಿಂದ ಬಂದ ಡೆವಲಪರುಗಳಿಗೆ ಅದು ‘ರೇಫ್’. ಫಾಂಟ್ ಕೆಲಸದವರಿಗೂ ರೇಫ್. ಕಾಲೇಜಿನ ಹುಡುಗನೊಬ್ಬ ‘ಒಂಬತ್ತರ ಹಾಗೆ ಕಾಣುವ ಚಿಹ್ನೆ’ ಎಂದು ಬರೆದಿದ್ದ. ಅವನು ಹೇಳಿದ್ದೂ ಸರಿಯೇ, ಕನ್ನಡ ಅಂಕಿಯ ೯ ನೋಡಿದರೆ ಗೊತ್ತಾಗುತ್ತದೆ. ಒತ್ತಕ್ಷರಕ್ಕೂ ಹೀಗೆಯೇ: ವತ್ತು, ಒತ್ತು, ಸಂಯುಕ್ತಾಕ್ಷರ, ಕಂಜಂಕ್ಟ್, ಸಬ್‌ಸ್ಕ್ರಿಪ್ಟ್, ‘ಕೆಳಗೆ ಬರುವ ಅಕ್ಷರ’. ಒಂದು ಪದ ಹುಡುಕಿ ಸಿಗಲಿಲ್ಲವೆಂದರೆ ನೀವು ಹುಡುಕಿಲ್ಲ ಎಂದೇ ಅರ್ಥ. ಐದಾರು ಪದಗಳನ್ನಾದರೂ ಹಾಕಿ ನೋಡಬೇಕು.

ಇನ್ನೊಂದು ವಿಷಯ, ಮುಚ್ಚಿದ ವರದಿಗಳಲ್ಲಿಯೂ ಹುಡುಕಿ. ಬಗ್‌ಜಿಲ್ಲಾ ಎಂಬ ಬಗ್ ದಾಖಲಿಸುವ ವ್ಯವಸ್ಥೆಯ ಶೀಘ್ರ ಹುಡುಕಾಟ ತಾನಾಗಿ ತೋರಿಸುವುದು ತೆರೆದಿರುವ ವರದಿಗಳನ್ನು ಮಾತ್ರ. ಹುಡುಕುವ ಪದಗಳ ಮುಂದೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಆಲ್’ ಎಂದು ಸೇರಿಸಿದರೆ ಎಲ್ಲವೂ ಸಿಗುತ್ತವೆ. ಗಿಟ್‌ಹಬ್‌ನಲ್ಲಿ ಹುಡುಕುವ ಪೆಟ್ಟಿಗೆಯಲ್ಲಿ ಮೊದಲೇ ಕೂತಿರುವ, ತೆರೆದವನ್ನು ಮಾತ್ರ ತೋರಿಸುವ ಸೋಸುಪದವನ್ನು ಅಳಿಸಬೇಕು. ಹೋದ ವರ್ಷ ಸರಿಪಡಿಸಿದ ದೋಷ ಹೊಸ ಆವೃತ್ತಿಯಲ್ಲಿ ಮತ್ತೆ ತಲೆ ಎತ್ತಿದ್ದರೆ ಅದು ನಿಮಗೆ ಕಾಣುವುದು ಹೀಗೆ ಹುಡುಕಿದಾಗಲೇ. ಆದರೆ ಎಚ್ಚರ: ಸರಿಪಡಿಸಿ ಮುಚ್ಚಿದ ವರದಿಗೆ ಹೊಸದನ್ನು ಜೋಡಿ ಎಂದು ಕಟ್ಟಬೇಡಿ. ದೋಷ ಮರಳಿ ಬಂದಿದೆ ಎಂದರೆ ಅದು ಹೊಸ ಕೆಲಸ. ಹೊಸ ವರದಿಯನ್ನು ಹಾಗೇ ಉಳಿಸಿ, ಹಳೆಯದರ ಸಂಖ್ಯೆಯನ್ನು ಅದರಲ್ಲಿ ಬರೆಯಿರಿ.

ಲಕ್ಷಣ ಒಂದೇ, ರೋಗ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ತಪ್ಪುಗಳೆಲ್ಲ ಆಗುವುದು ಇಲ್ಲಿಯೇ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನಗಳಲ್ಲಿ ಒಂದೇ ವಾರದಲ್ಲಿ ನನಗೆ ಮೂರು ವರದಿಗಳು ಬಂದಿದ್ದವು. ಮೂರರ ಶೀರ್ಷಿಕೆಯೂ ಹೆಚ್ಚುಕಡಿಮೆ ಒಂದೇ: ‘ರ‍್ಯಾಂಕ್ ಎಂಬ ಪದ ತಪ್ಪಾಗಿ ಕಾಣುತ್ತದೆ’. ರ ಅಕ್ಷರಕ್ಕೆ ಯ ಒತ್ತು ಬರಬೇಕಾದ ಕಡೆ ಯ ಅಕ್ಷರದ ಪಕ್ಕ ಅರ್ಕಾವತ್ತು ಕೂತು ‘ರ್ಯಾಂಕ್’ ಆಗುತ್ತದೆ ಎಂಬುದು ದೂರು. ಯಾರೇ ನೋಡಿದರೂ ಮೂರನ್ನೂ ಒಟ್ಟಿಗೆ ಕಟ್ಟಿಬಿಡುತ್ತಿದ್ದರು.

ಕಣ್ಣಿಗೆ ಕಾಣುವ ಅಕ್ಷರದ ಹಿಂದೆ ಏನಿದೆ ಎಂದು ನೋಡಬೇಕು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ರ’ದ ಸಂಖ್ಯೆ ದಶಮಾನದಲ್ಲಿ 3248, ವ್ಯಂಜನದ ಸ್ವರವನ್ನು ತೆಗೆಯುವ ‘ವಿರಾಮ’ ಎಂಬ ಚಿಹ್ನೆಯದು 3277, ‘ಯ’ದ್ದು 3247. ಈ ಮೂರನ್ನೇ ಸಾಲಾಗಿ ಇಟ್ಟರೆ ಅರ್ಕಾವತ್ತು ಬರುತ್ತದೆ, ಸೂರ್ಯ, ಕಾರ್ಯ ಎಂಬಲ್ಲಿ ಬರುವಂತೆ. ರ ಪೂರ್ತಿಯಾಗಿ ಉಳಿದು ಯ ಒತ್ತಾಗಿ ಕೆಳಗೆ ಇಳಿಯಬೇಕಾದರೆ ರ ಆದ ಮೇಲೆ, ವಿರಾಮದ ಮೊದಲು, 8205 ಎಂಬ ಸಂಖ್ಯೆಯ, ಜೆಡ್‌ಡಬ್ಲ್ಯುಜೆ ಎಂದು ಕರೆಯುವ, ಅಗಲವೇ ಇಲ್ಲದ ಒಂದು ಜೋಡಕ ಬೇಕು. ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಎಣಿಸಬೇಕು. ಲಿಬ್ರೆ ಆಫೀಸಿನ ಲೆಕ್ಕಹಾಳೆಯಾದ ಕ್ಯಾಲ್ಕ್ ತೆರೆದು, ವರದಿಗೆ ಲಗತ್ತಿಸಿದ ಕಡತದಿಂದ ಆ ಪದವನ್ನು ಒಂದು ಕೋಶಕ್ಕೆ ತಂದು, ಪಕ್ಕದ ಕೋಶದಲ್ಲಿ ಉದ್ದ ಹೇಳುವ ‘ಲೆನ್’ ಸೂತ್ರ ಹಾಕಿ. ಜೋಡಕ ಇದ್ದರೆ 8 ಎಂದು ಬರುತ್ತದೆ, ಇಲ್ಲದಿದ್ದರೆ 7. ‘ಮಿಡ್’ ಸೂತ್ರದಿಂದ ಒಂದೊಂದೇ ಅಕ್ಷರ ಬಿಡಿಸಿ ‘ಯೂನಿಕೋಡ್’ ಸೂತ್ರಕ್ಕೆ ಕೊಟ್ಟರೆ ಮೇಲೆ ಹೇಳಿದ ಸಂಖ್ಯೆಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಎರಡು ನಿಮಿಷದ ಕೆಲಸ.

ಮೂರು ವರದಿಗಳನ್ನೂ ಹೀಗೆ ಬಿಡಿಸಿದೆ. ಮೊದಲನೆಯ ಕಡತದಲ್ಲಿ ಉದ್ದ 7. ಅವರು ಬಳಸುತ್ತಿದ್ದ ಕೀಲಿಮಣೆ ವಿನ್ಯಾಸ ಜೋಡಕವನ್ನು ಹಾಕುತ್ತಲೇ ಇರಲಿಲ್ಲ. ನಮ್ಮ ತಂತ್ರಾಂಶ ತನಗೆ ಕೊಟ್ಟದ್ದನ್ನು ಸರಿಯಾಗಿಯೇ ತೋರಿಸಿತ್ತು. ಎರಡನೆಯದರಲ್ಲಿ ಮೂಲ ಕಡತದಲ್ಲಿ 8, ಅದನ್ನು ನಕಲಿಸಿ ಬೇರೆಡೆ ಅಂಟಿಸಿದ ಮೇಲೆ 7. ಅಂಟಿಸುವ ಹಂತದಲ್ಲಿ ಯಾವುದೋ ಸ್ವಚ್ಛಗೊಳಿಸುವ ಕ್ರಮ ಕಾಣದ ಅಕ್ಷರವೆಂದು ಜೋಡಕವನ್ನು ಕಿತ್ತುಹಾಕುತ್ತಿತ್ತು. ಅದು ನಮ್ಮ ದೋಷ. ಮೂರನೆಯದರಲ್ಲಿ ಎರಡೂ ಕಡೆ 8, ಆದರೆ ಒಂದು ಫಾಂಟಿನಲ್ಲಿ ಮಾತ್ರ ಅರ್ಕಾವತ್ತು ಬರುತ್ತಿತ್ತು, ಬೇರೆ ಫಾಂಟಿನಲ್ಲಿ ಸರಿ. ಫಾಂಟಿನವರಿಗೆ ಕಳುಹಿಸಬೇಕಾದ ದೂರು ಅದು. ಮೂರು ಮನೆಗಳಿಗೆ ಹೋಗಬೇಕಾದ ಮೂರು ಕಾಗದ. ಒಂದಕ್ಕೊಂದು ಕಟ್ಟಿದ್ದರೆ ಎರಡು ಅಲ್ಲಿಯೇ ಸತ್ತುಹೋಗುತ್ತಿದ್ದವು.

ಇದರ ತಿರುಗುಮುರುಗು ಪ್ರಕರಣವೂ ಉಂಟು. ಒಬ್ಬರು ‘ಕೋಲಾರ ಎಂದು ಹುಡುಕಿದರೆ ಸಿಗುವುದಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಕೋಲಾರ ಎಂಬ ಪದದ ಕೆಳಗೆ ಕಾಗುಣಿತ ತಪ್ಪೆಂದು ಕೆಂಪು ಗೆರೆ ಬರುತ್ತದೆ’ ಎನ್ನುತ್ತಾರೆ. ಮತ್ತೊಬ್ಬರ ದೂರು, ಜಿಲ್ಲೆಗಳ ಎರಡು ಪಟ್ಟಿಗಳನ್ನು ಹೊಂದಿಸಿದಾಗ ಕೋಲಾರ ಮಾತ್ರ ಹೊಂದುವುದಿಲ್ಲ ಎಂಬುದು. ಮೂರೂ ತಂತ್ರಾಂಶದ ಬೇರೆ ಬೇರೆ ವಿಭಾಗಕ್ಕೆ ಸೇರಿದವು, ಶೀರ್ಷಿಕೆಗಳಲ್ಲಿ ಊರಿನ ಹೆಸರು ಬಿಟ್ಟರೆ ಸಾಮ್ಯವೇ ಇಲ್ಲ. ಬಿಡಿಸಿ ನೋಡಿದರೆ ಗುಟ್ಟು ಒಂದೇ. ಕನ್ನಡದ ಓ ಸ್ವರಚಿಹ್ನೆಯನ್ನು 3275 ಎಂಬ ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, 3270, 3266, 3285 ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸಬೇಕೆಂದು ಹೇಳುತ್ತದೆ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ‘ಕೋಲಾರ’ದ ಉದ್ದ ಒಂದು ಕಡೆ 5, ಇನ್ನೊಂದು ಕಡೆ 7. ಬರಿಯ ಸಂಖ್ಯೆಗಳನ್ನು ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಊರುಗಳು.

ಹಾಗಾದರೆ ಈ ಮೂರನ್ನು ಜೋಡಿ ಎನ್ನಬೇಕೇ? ನನ್ನ ಒರೆಗಲ್ಲು ಒಂದೇ: ಒಂದೇ ತಿದ್ದುಪಡಿಯಿಂದ ಎಲ್ಲವೂ ಸರಿಹೋಗುತ್ತವೆಯೇ? ಕಡತ ಒಳಗೆ ಬರುವಾಗಲೇ ತುಂಡುಗಳನ್ನು ಒಂದಾಗಿಸಲು ಡೆವಲಪರ್ ನಿರ್ಧರಿಸಿದರೆ ಮೂರೂ ಒಂದೇ ಏಟಿಗೆ ಹೋಗುತ್ತವೆ, ಕಟ್ಟಬಹುದು. ಹುಡುಕಾಟ, ಕಾಗುಣಿತ, ಹೊಂದಾಣಿಕೆ ಮೂರನ್ನೂ ಬೇರೆ ಬೇರೆ ಕಡೆ ತಿದ್ದಬೇಕೆಂದರೆ ಕಟ್ಟಬಾರದು. ಆಗ ‘ಇದನ್ನೂ ನೋಡಿ’ ಎಂಬ ಕೊಂಡಿ ಸಾಕು. ನಿಮಗೆ ಕೋಡ್ ಓದಲು ಬರದಿದ್ದರೆ ಆ ಭಾಗದ ಡೆವಲಪರನ್ನು ಕೇಳಿ. ನಾನು ಈಗಲೂ ಕೇಳುತ್ತೇನೆ.

ಈ ಮಾತಿಗೆ ಎಲ್ಲರೂ ಬಲ್ಲ ಉದಾಹರಣೆಯೊಂದಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ವಿಶೇಷ ರೀತಿಯಲ್ಲಿ ಬರೆದು ಕಳುಹಿಸಿದರೆ ಐಫೋನಿನ ಆಪ್‌ಗಳು ಕುಸಿಯುತ್ತಿದ್ದವು. ಸುದ್ದಿಯಾದದ್ದು ತೆಲುಗು ಅಕ್ಷರದ ದೋಷವೆಂದು. ಅಗೆದು ನೋಡಿದವರಿಗೆ ಬಂಗಾಳಿ ಮತ್ತು ದೇವನಾಗರಿಯ ಕೆಲವು ಅಕ್ಷರಜೋಡಿಗಳಲ್ಲಿಯೂ ಅದೇ ಕುಸಿತ ಸಿಕ್ಕಿತು. ವ್ಯಂಜನಗಳ ಜೋಡಿ, ಅದರ ನಂತರ ಕಾಣದ ಬೇರ್ಪಡಕ, ಆಮೇಲೆ ಸ್ವರ, ಇದು ಆ ಸರಣಿ. ಆಪಲ್ ಕಂಪನಿ ಅದೇ ತಿಂಗಳು ಐಫೋನಿನ ಕಾರ್ಯಾಚರಣ ವ್ಯವಸ್ಥೆಯ 11.2.6 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಬಂಗಾಳಿ ಅಕ್ಷರದ ದೂರನ್ನೂ ತೆಲುಗು ಅಕ್ಷರದ ದೂರನ್ನೂ ಪಕ್ಕಪಕ್ಕ ಇಟ್ಟರೆ ಯಾವ ಪದಹುಡುಕಾಟವೂ ಅವನ್ನು ಜೋಡಿ ಎನ್ನುವುದಿಲ್ಲ. ಸರಣಿಯನ್ನು ಬಿಡಿಸಿದವರಿಗೆ ಮಾತ್ರ ಗೊತ್ತಾಗುತ್ತದೆ.

ತಂತ್ರಾಂಶ ಕುಸಿದ ವರದಿಗಳಲ್ಲಿ ಹೋಲಿಸಬೇಕಾದದ್ದು ಕರೆಗಳ ಸರಣಿಯನ್ನು, ಎಂದರೆ ಕುಸಿಯುವ ಗಳಿಗೆಯಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿಯನ್ನು. ಅದರ ಮೇಲಿನ ಒಂದು ಸಾಲು ಮಾತ್ರ ಹೊಂದಿದರೆ ಸಾಲದು. ಮೆಮೊರಿ ಬಿಡುಗಡೆ ಮಾಡುವ ಫಂಕ್ಷನ್ ನೂರು ಬೇರೆ ಬೇರೆ ದೋಷಗಳ ಮೇಲಿನ ಸಾಲಿನಲ್ಲಿ ಕೂತಿರುತ್ತದೆ. ಯೋಜನೆಯ ಸ್ವಂತ ಕೋಡಿನ ಮೊದಲ ನಾಲ್ಕೈದು ಸಾಲುಗಳು ಹೊಂದುತ್ತವೆಯೇ ನೋಡಿ.

ಯಾವುದನ್ನು ಉಳಿಸುವುದು

ಹಳೆಯದೇ ಮೂಲ, ಹೊಸದು ಜೋಡಿ ಎಂಬುದು ರೂಢಿ. ನಾನು ಅದಕ್ಕೆ ಕಟ್ಟುಬಿದ್ದಿಲ್ಲ. ಯಾವ ವರದಿಯಲ್ಲಿ ದೋಷ ಬರಿಸುವ ಹೆಜ್ಜೆಗಳು ಸ್ಪಷ್ಟವಾಗಿವೆಯೋ, ಯಾವುದರಲ್ಲಿ ಪರೀಕ್ಷೆಗೆ ಚಿಕ್ಕ ಕಡತವಿದೆಯೋ, ಡೆವಲಪರುಗಳ ಮಾತು ಎಲ್ಲಿ ನಡೆದಿದೆಯೋ ಅದು ಉಳಿಯಬೇಕು. 2014ರ ವರದಿಯಲ್ಲಿ ‘ಕನ್ನಡ ಸರಿಯಿಲ್ಲ, ಸರಿ ಮಾಡಿ’ ಎಂಬ ಒಂದೇ ಸಾಲಿದ್ದು, ಹೋದ ತಿಂಗಳ ವರದಿಯಲ್ಲಿ ಎಲ್ಲ ವಿವರವಿದ್ದರೆ ಹಳೆಯದನ್ನೇ ಹೊಸದಕ್ಕೆ ಕಟ್ಟಿ. ಆದರೆ ಹಳೆಯದರ ತಾರೀಖನ್ನು ಹೊಸದರಲ್ಲಿ ಬರೆದಿಡಿ. ದೋಷ ಎಷ್ಟು ವರ್ಷಗಳಿಂದ ಇದೆ ಎಂಬುದು ಡೆವಲಪರಿಗೆ ಬೇಕಾದ ಸುಳಿವು. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯಲ್ಲಿ ಈ ಚಿಂತೆ ಕಡಿಮೆ. ಅಲ್ಲಿ ಇ-ಮೇಲ್ ಆದೇಶದಿಂದ ವರದಿಗಳನ್ನು ‘ಮರ್ಜ್’ ಮಾಡಿದರೆ ಎರಡೂ ಸಮಾನವಾಗಿ ಒಂದೇ ಕಟ್ಟಿಗೆ ಸೇರುತ್ತವೆ, ತಪ್ಪಾದರೆ ‘ಅನ್‌ಮರ್ಜ್’ ಆದೇಶವೂ ಇದೆ.

ಸರಪಣಿ ಕಟ್ಟಬೇಡಿ. ಮೂರನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೊದಲನೆಯದಕ್ಕೆ ಕಟ್ಟಿದರೆ ದೂರು ಕೊಟ್ಟವರು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗುತ್ತದೆ. ಎಲ್ಲವೂ ನೇರವಾಗಿ ಉಳಿಯುವ ವರದಿಗೇ ಹೋಗಲಿ.

ಮುಚ್ಚುವ ಮೊದಲು ಸಾಗಿಸುವ ಕೆಲಸವಿದೆ. ಹೊಸ ವರದಿಯಲ್ಲಿ ಮೂಲದಲ್ಲಿಲ್ಲದ ಏನಿದೆ? ಬೇರೆ ಕಾರ್ಯಾಚರಣ ವ್ಯವಸ್ಥೆ, ಬೇರೆ ಫಾಂಟು, ಇನ್ನೂ ಹಳೆಯ ಆವೃತ್ತಿ, ಇನ್ನೂ ಚಿಕ್ಕ ಪರೀಕ್ಷಾ ಕಡತ? ಅದನ್ನು ಎರಡು ಮೂರು ಸಾಲಿನಲ್ಲಿ ಮೂಲ ವರದಿಯಲ್ಲಿ ಬರೆಯಿರಿ. 2008ರಲ್ಲಿ ನಿಕೊಲಾಸ್ ಬೆಟನ್‌ಬರ್ಗ್ ಮತ್ತು ಸಂಗಡಿಗರು ಎಕ್ಲಿಪ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ವರದಿಗಳನ್ನು ಪರಿಶೀಲಿಸಿ, ಮೂಲದಲ್ಲಿಲ್ಲದ ಉಪಯುಕ್ತ ಮಾಹಿತಿ ಜೋಡಿ ವರದಿಗಳಲ್ಲಿ ಇರುತ್ತದೆಂದು ತೋರಿಸಿದ್ದರು. ನನ್ನ ತಂದೆಗೆ ಇದನ್ನು ಓದಿ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಒಂದು ಎಚ್ಚರಿಕೆ ಮಾತ್ರ. ಭದ್ರತೆಗೆ ಸಂಬಂಧಿಸಿದ, ಸಾರ್ವಜನಿಕರಿಂದ ಮರೆಮಾಡಿದ ವರದಿಗೆ ಸಾರ್ವಜನಿಕ ವರದಿಯನ್ನು ನೀವಾಗಿ ಕಟ್ಟಬೇಡಿ. ಯಾವ ದೋಷ ಗುಟ್ಟಾಗಿದೆ ಎಂಬುದನ್ನು ಆ ಕೊಂಡಿಯೇ ಹೇಳಿಬಿಡುತ್ತದೆ. ಭದ್ರತಾ ತಂಡಕ್ಕೆ ತಿಳಿಸಿ, ಅವರು ನೋಡಿಕೊಳ್ಳುತ್ತಾರೆ.

ಪ್ರಶ್ನೆಪತ್ರಿಕೆಯ ಮೇಷ್ಟರು

ನಾನು ಈ ಕೆಲಸಕ್ಕೆ ಬಂದ ಎರಡನೆಯ ವರ್ಷ. ಹೈಸ್ಕೂಲಿನ ಒಬ್ಬ ಸಮಾಜ ವಿಜ್ಞಾನದ ಮೇಷ್ಟರು ಒಂದು ವರದಿ ಕಳುಹಿಸಿದ್ದರು. ಪ್ರಶ್ನೆಪತ್ರಿಕೆ ಮುದ್ರಿಸಿದಾಗ ‘ರಾಷ್ಟ್ರ’ ಪದದ ಕೆಳಭಾಗ ಕತ್ತರಿಸಿಹೋಗುತ್ತದೆ ಎಂಬುದು ದೂರು. ಷ ಅಕ್ಷರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಅಷ್ಟು ಕೆಳಗಿಳಿಯುವ ಅಕ್ಷರಕ್ಕೆ ಸಾಲಿನ ಎತ್ತರ ಸಾಲುತ್ತಿರಲಿಲ್ಲ. ಪರದೆಯ ಮೇಲೆ ಒತ್ತಕ್ಷರ ಕತ್ತರಿಸಿಹೋಗುವ ಬಗ್ಗೆ ಒಂದು ವರದಿ ಆಗಲೇ ತೆರೆದಿತ್ತು. ನಾನು ಮುದ್ರಿಸಿ ನೋಡಲಿಲ್ಲ. ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಇವೆರಡೂ ಒಂದೇ ಎಂದುಕೊಂಡು, ‘ಡೂಪ್ಲಿಕೇಟ್’ ಎಂದು ಗುರುತು ಹಾಕಿ, ಒಂದು ಮಾತನ್ನೂ ಬರೆಯದೆ ಮುಚ್ಚಿದೆ.

ಪರದೆಯ ದೋಷ ಎರಡು ತಿಂಗಳಲ್ಲಿ ಸರಿಹೋಯಿತು. ಮುದ್ರಣದ್ದು ಹೋಗಲಿಲ್ಲ. ಮೇಷ್ಟರು ಮತ್ತೆ ಬರೆಯಲಿಲ್ಲ. ಹತ್ತು ತಿಂಗಳಾದ ಮೇಲೆ ಮುದ್ರಣಾಲಯವೊಂದರಲ್ಲಿ ಡಿಟಿಪಿ ಮಾಡುವವರೊಬ್ಬರು ಅದೇ ದೂರು ತಂದರು. ಅವರದು ಲಗ್ನಪತ್ರಿಕೆ, ಕತ್ತರಿಸಿಹೋದದ್ದು ‘ಶಾಸ್ತ್ರಿ’ ಎಂಬ ಹೆಸರು. ಆಗ ನನಗೆ ಹಿಂದಿನ ವರದಿ ನೆನಪಾಯಿತು. ಅದನ್ನು ಮತ್ತೆ ತೆರೆದು ಮೇಷ್ಟರಿಗೆ ಪತ್ರ ಬರೆದೆ, ತಪ್ಪಾಯಿತು ಎಂದೂ ಬರೆದೆ. ಮರುದಿನವೇ ಉತ್ತರ ಬಂತು. ‘ಡೂಪ್ಲಿಕೇಟ್ ಎಂದು ಬರೆದಿದ್ದಿರಿ. ನಾನು ಸುಳ್ಳು ದೂರು ಕೊಟ್ಟೆ ಎಂದು ನಿಮಗೆ ಅನ್ನಿಸಿರಬೇಕು ಎಂದುಕೊಂಡೆ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದು ನೋವಾಯಿತಮ್ಮಾ.’ ಪತ್ರದ ಜೊತೆ ಮುದ್ರಿಸಿದ ಹಾಳೆಗಳ ಫೋಟೋಗಳಿದ್ದವು. ಒಂದೇ ಪ್ರಶ್ನೆಪತ್ರಿಕೆಯನ್ನು ಮೂರು ಫಾಂಟುಗಳಲ್ಲಿ ಮುದ್ರಿಸಿ, ಎಲ್ಲಿ ಕತ್ತರಿಸಿದೆ ಎಂದು ಕೆಂಪು ಶಾಯಿಯಿಂದ ಸುತ್ತು ಹಾಕಿದ್ದರು. ಹತ್ತು ತಿಂಗಳ ಹಿಂದೆ ನಾನು ಒಂದು ಮಾತು ಕೇಳಿದ್ದರೆ ಆ ಹಾಳೆಗಳು ಅಂದೇ ಸಿಗುತ್ತಿದ್ದವು. ದೋಷ ಹಿಡಿಯಲು ಡೆವಲಪರಿಗೆ ನೆರವಾದದ್ದು ಅವೇ.

ಅಂದಿನಿಂದ ಮಾತಿಲ್ಲದೆ ಯಾವ ವರದಿಯನ್ನೂ ಮುಚ್ಚಿಲ್ಲ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿಯೇ ಬರೆಯುತ್ತೇನೆ. ಸಾಮಾನ್ಯವಾಗಿ ಹೀಗಿರುತ್ತದೆ:

‘ನಮಸ್ಕಾರ. ನೀವು ಕಳುಹಿಸಿದ ಕಡತ ತೆರೆದು ನೋಡಿದೆ, ದೋಷ ನನಗೂ ಕಾಣಿಸಿತು. ಇದೇ ದೋಷವನ್ನು ಮಾರ್ಚ್ ತಿಂಗಳಲ್ಲಿ ಇನ್ನೊಬ್ಬರು ತಿಳಿಸಿದ್ದಾರೆ, ಕೆಲಸ ಅಲ್ಲಿ ನಡೆಯುತ್ತಿದೆ. ಆದ್ದರಿಂದ ನಿಮ್ಮ ವರದಿಯನ್ನು ಅದಕ್ಕೆ ಸೇರಿಸುತ್ತಿದ್ದೇನೆ. ವಿಂಡೋಸ್‌ನಲ್ಲಿಯೂ ಹೀಗಾಗುತ್ತದೆ ಎಂಬುದು ನಿಮ್ಮಿಂದ ಹೊಸದಾಗಿ ತಿಳಿಯಿತು, ಅದನ್ನು ಅಲ್ಲಿ ಬರೆದಿದ್ದೇನೆ. ವ್ಯವಸ್ಥೆ ಇದಕ್ಕೆ ಡೂಪ್ಲಿಕೇಟ್ ಎಂಬ ಗುರುತು ಹಾಕುತ್ತದೆ. ಎರಡು ವರದಿ, ಒಂದೇ ದೋಷ ಎಂದಷ್ಟೇ ಅದರ ಅರ್ಥ. ಅಲ್ಲಿ ಸರಿಹೋದ ಮೇಲೂ ನಿಮ್ಮಲ್ಲಿ ಉಳಿದರೆ ಇಲ್ಲಿಯೇ ತಿಳಿಸಿ, ಮತ್ತೆ ತೆರೆಯುತ್ತೇನೆ.’

ಇದರಲ್ಲಿ ಪ್ರತಿ ವಾಕ್ಯಕ್ಕೂ ಕೆಲಸವಿದೆ. ನಾನು ನೋಡಿದ್ದೇನೆ ಎಂಬುದು ಮೊದಲು. ಏಕೆ ಸೇರಿಸುತ್ತಿದ್ದೇನೆ ಎಂಬುದು ಆಮೇಲೆ. ಅವರಿಂದ ಸಿಕ್ಕಿದ್ದೇನು ಎಂಬುದನ್ನು ಬಿಡಬೇಡಿ, ಅವರು ಮುಂದಿನ ಸಲವೂ ಬರೆಯುವುದು ಆ ಸಾಲಿನಿಂದ. ಕೊನೆಯದು ನಮ್ಮ ತೀರ್ಪು ತಪ್ಪಿರಬಹುದು ಎಂಬುದಕ್ಕೆ ತೆರೆದಿಟ್ಟ ಬಾಗಿಲು. ‘ವರದಿ ಕೊಡುವ ಮೊದಲು ಹುಡುಕಬೇಕಿತ್ತು’ ಎಂದು ಎಂದೂ ಬರೆಯಬೇಡಿ. ನಾವೇ ಐದಾರು ಪದ ಹಾಕಿ ಹುಡುಕಿದ ಮೇಲೆ ಸಿಕ್ಕ ವರದಿ ಅದು.

ಬಗ್‌ಜಿಲ್ಲಾದಲ್ಲಿ ಜೋಡಿ ಎಂದು ಗುರುತು ಹಾಕಿದ ಕೂಡಲೇ ದೂರು ಕೊಟ್ಟವರ ಹೆಸರು ಮೂಲ ವರದಿಯ ಪ್ರತಿ ಪಡೆಯುವವರ ಪಟ್ಟಿಗೆ ತಾನಾಗಿ ಸೇರುತ್ತದೆ. ಮುಂದಿನ ಬೆಳವಣಿಗೆಗಳೆಲ್ಲ ಅವರಿಗೆ ಇ-ಮೇಲ್‌ನಲ್ಲಿ ಹೋಗುತ್ತವೆ. ಎಲ್ಲ ವ್ಯವಸ್ಥೆಗಳೂ ಇಷ್ಟು ಸೌಜನ್ಯ ತೋರುವುದಿಲ್ಲ. ಹಾಗಿಲ್ಲದ ಕಡೆ ಮೂಲ ವರದಿಯ ಕೊಂಡಿ ಕೊಟ್ಟು, ಅಲ್ಲಿ ಚಂದಾದಾರರಾಗುವ ಗುಂಡಿ ಎಲ್ಲಿದೆ ಎಂದು ಹೇಳಿ.

ಎಣಿಕೆಯ ವಿಷಯ

ಒಂದು ದೋಷಕ್ಕೆ ಎಷ್ಟು ಜೋಡಿಗಳು ಬಂದಿವೆ ಎಂಬುದನ್ನು ನೋಡಿ ಅದರ ತುರ್ತು ಅಳೆಯುವ ರೂಢಿ ಇದೆ. ಬಗ್‌ಜಿಲ್ಲಾದಲ್ಲಿ ಅತಿ ಹೆಚ್ಚು ಸಲ ವರದಿಯಾದ ದೋಷಗಳ ಪುಟವೇ ಇದೆ, ಲಾಂಚ್‌ಪ್ಯಾಡ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ‘ನನಗೂ ಹೀಗಾಗಿದೆ’ ಎಂದು ಒತ್ತುವ ಸೌಲಭ್ಯವಿದೆ. ಅಳತೆಗೋಲು ಉಪಯುಕ್ತವೇ. ಆದರೆ ಕನ್ನಡದ ದೋಷಗಳಿಗೆ ಅದನ್ನೇ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಸಭೆಯಲ್ಲೂ ಇದನ್ನು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪಾಗಿ ಕಂಡರೆ ಆ ದಿನವೇ ಹತ್ತಾರು ವರದಿಗಳು ಬರುತ್ತವೆ. ಕನ್ನಡದಲ್ಲಿ ಒತ್ತಕ್ಷರ ಕತ್ತರಿಸಿಹೋದರೆ ಬಹಳ ಜನ ಅದನ್ನು ಕಂಪ್ಯೂಟರಿನಲ್ಲಿ ಕನ್ನಡದ ಹಣೆಬರಹ ಎಂದುಕೊಂಡು ಫಾಂಟು ಬದಲಿಸಿ ಮುಂದೆ ಹೋಗುತ್ತಾರೆ. ಖಾತೆ ತೆರೆದು, ಇಂಗ್ಲಿಷ್ ನಮೂನೆ ತುಂಬಿ, ಪರದೆಯ ಚಿತ್ರ ಲಗತ್ತಿಸಿ ದೂರು ಕೊಡುವವರು ವಿರಳ. ಆದ್ದರಿಂದ ಕನ್ನಡದ ದೋಷಕ್ಕೆ ಎರಡನೆಯ ವರದಿ ಬಂದ ದಿನವೇ ನಾನು ಅದರ ಆದ್ಯತೆ ಏರಿಸಲು ಕೇಳುತ್ತೇನೆ. ಒಂದೇ ತರಬೇತಿ ಶಿಬಿರದಲ್ಲಿ ಕುಳಿತು ಎಂಟು ಜನ ಕಳುಹಿಸಿದ್ದರೆ ಮಾತ್ರ ಅದನ್ನು ಒಂದೆಂದೇ ಎಣಿಸುತ್ತೇನೆ.

ಜೋಡಿಗಳು ಬರದಂತೆ ತಡೆಯಬೇಕೆನ್ನುವವರು ಮಾಡಬೇಕಾದದ್ದು ಮೂಲ ವರದಿಯ ಶೀರ್ಷಿಕೆಯನ್ನು ತಿದ್ದುವುದು. 2011ರಲ್ಲಿ ಬಂದ ಬಗ್‌ಜಿಲ್ಲಾ 4.0ರಿಂದ, ಹೊಸ ವರದಿಯ ಶೀರ್ಷಿಕೆ ಬರೆಯುತ್ತಿದ್ದಂತೆ ಹೋಲುವ ಹಳೆಯ ವರದಿಗಳು ಕೆಳಗೆ ಬರುತ್ತವೆ. ಅದು ನೋಡುವುದು ಪದಗಳನ್ನು. ‘ಮುದ್ರಣ ಸಮಸ್ಯೆ’ ಎಂಬ ಶೀರ್ಷಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜೋಡಿ ವರದಿ ಕೊಟ್ಟವರು ಬಳಸಿದ ಪದಗಳನ್ನೇ ಅದಕ್ಕೆ ಸೇರಿಸಿ. ‘ಕನ್ನಡ: ಮುದ್ರಿಸಿದಾಗ ಒತ್ತಕ್ಷರ, ಸಂಯುಕ್ತಾಕ್ಷರದ ಕೆಳಭಾಗ ಕತ್ತರಿಸುತ್ತದೆ, ರಾಷ್ಟ್ರ, ಶಾಸ್ತ್ರಿ’. ಚಂದವಾಗಿಲ್ಲ, ಆದರೆ ಮುಂದಿನವರಿಗೆ ಸಿಗುತ್ತದೆ. ಈಗ ಹೋಲುವ ವರದಿಗಳನ್ನು ಹುಡುಕಿ ತೋರಿಸುವ ಯಂತ್ರಗಳೂ ಬಂದಿವೆ. ಅವು ತೋರಿಸಲಿ, ನಾನೂ ನೋಡುತ್ತೇನೆ. ಮುಚ್ಚುವ ಗುಂಡಿ ಒತ್ತುವುದು ಮಾತ್ರ ಕಡತ ತೆರೆದು ಅಕ್ಷರ ಎಣಿಸಿದವರ ಕೈಯಾಗಿರಲಿ.

ಸಂದೇಹವಿದ್ದರೆ ಮುಚ್ಚಬೇಡಿ. ಎರಡು ಜೋಡಿಗಳು ಬೇರೆ ಬೇರೆಯಾಗಿ ಉಳಿದರೆ ಯಾರದೋ ಅರ್ಧ ಗಂಟೆ ಹೋಗುತ್ತದೆ. ಜೋಡಿಯಲ್ಲದ್ದನ್ನು ಜೋಡಿ ಎಂದು ಕಟ್ಟಿದರೆ ಒಂದು ದೋಷ ಕಣ್ಮರೆಯಾಗುತ್ತದೆ, ಅದನ್ನು ಹುಡುಕುತ್ತಿರುವವರೂ ಯಾರೂ ಇರುವುದಿಲ್ಲ.

ಮೂಲ ದೋಷ ಸರಿಹೋಯಿತು ಎಂಬ ಸುದ್ದಿ ಬಂದ ದಿನ ಒಂದು ಕೆಲಸ ಬಾಕಿ ಇರುತ್ತದೆ, ಇದನ್ನು ಬಹಳ ಜನ ಬಿಡುತ್ತಾರೆ. ಅದಕ್ಕೆ ಕಟ್ಟಿದ ಪ್ರತಿ ಜೋಡಿಯನ್ನೂ ತೆರೆದು, ಅವರವರು ಕಳುಹಿಸಿದ ಕಡತವನ್ನೇ ಹೊಸ ಆವೃತ್ತಿಯಲ್ಲಿ ಹಾಕಿ ನೋಡಬೇಕು. ಮೊನ್ನೆ ಭಾನುವಾರ ಸಾಲಿನ ಎತ್ತರದ ಒಂದು ದೋಷಕ್ಕೆ ಹೀಗೆ ನೋಡಿದೆ. ಏಳು ಜೋಡಿಗಳಿದ್ದವು. ಆರು ಸರಿಹೋಗಿದ್ದವು, ಆರು ಜನರಿಗೂ ಬರೆದೆ. ಏಳನೆಯದರಲ್ಲಿ, ಕೋಷ್ಟಕದ ಕೋಶದೊಳಗಿದ್ದ ‘ಸ್ತ್ರೀ’ ಪದದ ರ ಒತ್ತು ಇನ್ನೂ ಅರ್ಧವೇ ಕಾಣುತ್ತಿತ್ತು. ಅದನ್ನು ಬಿಡಿಸಿ, ಹೊಸ ಶೀರ್ಷಿಕೆ ಕೊಟ್ಟು, ಮತ್ತೆ ತೆರೆದಿಟ್ಟಿದ್ದೇನೆ.